727 ಪುಟ ಬದನೆಕಾಯಿ

2007ರ ಸೆಪ್ಟೆಂಬರ್‌ನಲ್ಲಿ ಬಂದ ಅಮೆರಿಕದ ಫ್ಯಾಷನ್ ಪತ್ರಿಕೆ ‘ವೋಗ್’ ಸಂಚಿಕೆಗೆ 840 ಪುಟ. ತೂಕ ಸುಮಾರು ಎರಡು ಕಿಲೋ. ಅದರಲ್ಲಿ 727 ಪುಟ ಜಾಹೀರಾತು. ಉಳಿದ 113ರಲ್ಲಿ, ಇಂಥ ಬಟ್ಟೆಗಳಿಲ್ಲದೆ ಬದುಕುವುದು ಎಷ್ಟು ಕಷ್ಟ ಎಂಬ ತತ್ವಚಿಂತನೆ. ಕಾಸು ಕೊಟ್ಟು ಹೊತ್ತು ತಂದವರು ಇದಕ್ಕೆ ಅಭಿರುಚಿ ಎಂದು ಹೆಸರಿಟ್ಟರು.

ಒಂಬತ್ತು ವರ್ಷ ಕಳೆಯಿತು. 2016ರಲ್ಲಿ ಮಿಲಾನ್ ಫ್ಯಾಷನ್ ವೀಕ್ ನೋಡಿ ಬಂದ ಅದೇ ವೋಗ್‌ನ ಸಂಪಾದಕಿಯರು ಬ್ಲಾಗರ್‌ಗಳ ಮೇಲೆ ಹರಿಹಾಯ್ದರು. ಈ ಹುಡುಗಿಯರು ದುಡ್ಡು ಇಸ್ಕೊಂಡು ಬಟ್ಟೆ ಹಾಕ್ತಾರಂತೆ, ಗಂಟೆಗೊಂದು ಬದಲಾಯಿಸ್ತಾರಂತೆ, ಇವರಿಂದ ಸ್ಟೈಲೇ ಸತ್ತುಹೋಗುತ್ತಂತೆ! ಬೇರೆ ಕಸುಬು ನೋಡಿಕೊಳ್ಳಿ ಎಂಬ ಹಿತವಚನವೂ ಆಯಿತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅನ್ನುತ್ತೇವಲ್ಲ. ಇಲ್ಲಿ 727 ಪುಟ ಬದನೆಕಾಯಿ ಉಂಡು ತೇಗಿದವರಿಗೆ ಎದುರುಮನೆಯ ಎಣ್ಣೆಗಾಯಿ ಘಾಟು ಮಾತ್ರ ತಡೆಯಲಾಗಲಿಲ್ಲ.

ಹಾಗಂತ ಎದುರುಮನೆಯವರೇನು ಮಡಿಯಲ್ಲಿರಲಿಲ್ಲ. ಕಾಸು ಪಡೆದ ಪೋಸ್ಟಿಗೆ ಜಾಹೀರಾತು ಎಂದು ಎದ್ದು ಕಾಣುವಂತೆ ಬರೆಯಿರಿ ಎಂದು ನಮ್ಮ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಹೇಳಬೇಕಾಯಿತು. ಈಗಲೂ ಅದನ್ನು ಹ್ಯಾಷ್‌ಟ್ಯಾಗ್‌ಗಳ ನಡುವೆ ಹುಡುಕುವುದೆಂದರೆ ಅಕ್ಕಿಯಲ್ಲಿ ಬಿಳಿಕಲ್ಲು ಆರಿಸಿದ ಹಾಗೆ.

ಇತ್ತ ವೋಗ್‌ನಲ್ಲಿ 1988ರಿಂದ ಕಪ್ಪು ಕನ್ನಡಕದ ಹಿಂದೆ ಕೂತು ಲೋಕದ ಲಂಗದ ಉದ್ದ ತೀರ್ಮಾನಿಸುತ್ತಿದ್ದ ಆನಾ ವಿಂಟೂರ್ 2025ರಲ್ಲಿ ಅಮೆರಿಕದ ಆವೃತ್ತಿಯ ಪ್ರಧಾನ ಸಂಪಾದಕಿ ಕುರ್ಚಿ ಬಿಟ್ಟರು. ನಂತರ ಬಂದವರಿಗೆ ಆ ಪದವಿಯಿಲ್ಲ; ಅವರು ‘ಎಡಿಟೋರಿಯಲ್ ಕಂಟೆಂಟ್’ ಮುಖ್ಯಸ್ಥೆ. ಕಂಟೆಂಟ್! ಬೈಸಿಕೊಂಡ ಹುಡುಗಿಯರು ಕಾಫಿ ಲೋಟದ ಫೋಟೊಗೆ ಇಡುವ ಹೆಸರೂ ಅದೇ.

ಅದೇ ವರ್ಷದ ಜೂನ್‌ನಲ್ಲಿ ಮಿಲಾನ್‌ನ ಪ್ರಾಡಾ ಫ್ಯಾಷನ್ ಷೋದಲ್ಲಿ ಗಂಡಸರು ನಮ್ಮ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ಮೆಟ್ಟಿ ನಡೆದರು. ಕಂಪನಿ ಹೇಳಿದ್ದು ಬರೀ ಚರ್ಮದ ಸ್ಯಾಂಡಲ್ ಎಂದು. ಮೊಬೈಲು ಹಿಡಿದ ನಮ್ಮ ಜನ ಗುಲ್ಲೆಬ್ಬಿಸಿದ ಮೇಲೆ ಮೂಲ ಭಾರತದ್ದೆಂದು ಒಪ್ಪಿಕೊಂಡಿತು. ಆ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿವೆ. ಅಥಣಿಯಲ್ಲಿ ತಲೆಮಾರುಗಳಿಂದ ಅದನ್ನು ಹೊಲಿಯುತ್ತಿರುವವರಿಗೆ ಫಾಲೋವರ್ಸ್ ಎಷ್ಟೆಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಗುಲ್ಲು ತಣ್ಣಗಾಗುವ ಮೊದಲೇ ನನ್ನ ಫೋನಿಗೊಂದು ರೀಲ್ ಬಂತು: ‘ಕೊಲ್ಹಾಪುರಿ ಹಾಕಿಕೊಳ್ಳಲು ಐದು ವಿಧಾನ’. ನನಗೆ ಗೊತ್ತಿದ್ದದ್ದು ಎರಡೇ. ಎಡಗಾಲಿಗೊಂದು, ಬಲಗಾಲಿಗೊಂದು.