ಏಕಶಂಕು ಧ್ವನಿವರ್ಧಕದ ತಾರಕರ್ಕಶತಾ ಮೀಮಾಂಸೆ

ಧ್ವನಿಯೇ ಕಾವ್ಯದ ಆತ್ಮವೆಂದು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಸಾಧಿಸಿದ ಆನಂದವರ್ಧನನು, ಅದೇ ಧ್ವನಿಯು ಎಂಟು ಅಂಗುಲದ ರಟ್ಟಿನ ಶಂಕುವೊಂದರಿಂದ ಹೊರಡುವಾಗ ಸಕಾರ ಷಕಾರಗಳಲ್ಲಿ ಸೀಳಿ ಕಿವಿಯನ್ನು ಚುಚ್ಚುವುದೇಕೆ ಎಂಬ ವಿಷಯದಲ್ಲಿ ಮೌನ ವಹಿಸಿರುವುದು ನಮ್ಮ ಅಲಂಕಾರಶಾಸ್ತ್ರದ ಮಹಾನ್ಯೂನತೆಗಳಲ್ಲೊಂದು. ಅದನ್ನು ತುಂಬಿಕೊಡುವ ಭಾರವು, ವರ್ಷದ ನಾಲ್ಕು ತಿಂಗಳು ಹೆಂಚಿನ ಮೇಲಣ ಮಳೆಯ ಸದ್ದಲ್ಲದೆ ಬೇರೆ ಸದ್ದು ಕೇಳದ ಮಾನಂದವಾಡಿಯ ಮನೆಯೊಂದರಲ್ಲಿ, ಹಲಸಿನ ಹಲಗೆಯ ಪೆಟ್ಟಿಗೆಗೆ ಒಂದೇ ಒಂದು ಸ್ಪೀಕರನ್ನು ಕೂರಿಸಿಕೊಂಡು ಕುಳಿತಿರುವ ನನ್ನ ಹೆಗಲಿಗೆ ಬಂದಿದೆ.

ಮಂದ್ರದಿಂದ ತಾರದವರೆಗಿನ ಸಕಲ ನಾದವನ್ನೂ ಒಂದೇ ಶಂಕುವಿನಿಂದ ಹೊರಡಿಸುವುದು ಏಕಶಂಕು ದರ್ಶನ. ಮಂದ್ರದಲ್ಲಿ ರಟ್ಟು ಒಟ್ಟಾಗಿ ಮುಂದಕ್ಕೂ ಹಿಂದಕ್ಕೂ ಚಲಿಸುತ್ತದೆ. ಕಂಪನವು ಸಾವಿರಗಳನ್ನು ಮುಟ್ಟಿತೆಂದರೆ ಒಗ್ಗಟ್ಟು ಮುರಿದು, ನಡುವಿನ ಭಾಗ ಮುಂದೆ ಹೋದಾಗ ಅಂಚು ಹಿಂದೆ ಬರುತ್ತ, ಒಂದೇ ರಟ್ಟಿನೊಳಗೆ ಅನೇಕ ಪಕ್ಷಗಳಾಗುತ್ತವೆ. ನಡುವೆ ಅಂಟಿಸಿದ ಚಿಕ್ಕ ಶಂಕುವು ತಾರವನ್ನು ಹೆಚ್ಚಿಸುವ ನೆಪದಲ್ಲಿ ತನ್ನದೇ ಅನುರಣನವೊಂದನ್ನು ಸೇರಿಸುತ್ತದೆ. ಹೀಗೆ ಮೂರು ಸಾವಿರದಿಂದ ಎಂಟು ಸಾವಿರ ಹರ್ಟ್ಸ್‌ಗಳ ನಡುವೆ ಎಲ್ಲೋ ಒಂದೆಡೆ ಶೃಂಗವೊಂದು ಏಳುವುದು. ವಿಧಿಯ ಕುಚೇಷ್ಟೆಯೆಂದರೆ, ಸುಮಾರು ಎರಡೂವರೆ ಸೆಂಟಿಮೀಟರು ಉದ್ದದ ನಮ್ಮ ಕರ್ಣನಾಳವೂ ಮೂರು ಸಾವಿರದ ಆಸುಪಾಸಿನಲ್ಲೇ ಅನುರಣಿಸುವುದು. ಕಿವಿಯ ತೀಕ್ಷ್ಣತೆ ಮೂರು ನಾಲ್ಕು ಸಾವಿರಗಳ ಬಳಿಯಲ್ಲೇ ಹೆಚ್ಚೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿಕೊಟ್ಟರು. ಹುಣ್ಣಿರುವಲ್ಲೇ ಕೋಲು ತಗಲುವುದೆಂಬ ಗಾದೆಗೆ ಇದಕ್ಕಿಂತ ಮಿಗಿಲಾದ ಭೌತಶಾಸ್ತ್ರವಿಲ್ಲ.

ಈ ಕರ್ಕಶತೆಯು ದ್ವಾದಶವಿಧ. ತಾಳವನ್ನು ಮೊಳೆಯಿಂದ ಗೀರಿದಂತಿರುವುದು ಕಾಂಸ್ಯಕ. ಸಕಾರಮಾತ್ರಾಶ್ರಿತವಾಗಿ, ‘ಸರಸಿ’ ಎಂಬಲ್ಲಿ ಎರಡು ಹಾವುಗಳನ್ನು ಕಾಣಿಸುವುದು ಭುಜಂಗಶ್ವಾಸ. ಪಿಟೀಲಿನ ಮೇಲುತಂತಿಯಲ್ಲಿ ಮಾತ್ರ ಕಾಣಿಸಿಕೊಂಡು, ಕೇಳುವವನ ಹಲ್ಲಿನಲ್ಲಿ ನೆಲೆಸುವುದು ದಂತವೇಧಿ. ನಾಲ್ಕನೆಯದಾದ ಶೂರ್ಪನಾದಕ್ಕೆ ಅವಾಂತರ ಭೇದಗಳು ಏಳು ಎಂದು ಬರೆದುಕೊಂಡಿದ್ದೆ; ಈಗ ನೋಡಿದರೆ ಅವುಗಳಲ್ಲಿ ಐದು ಒಂದೇ ಆಗಿ ತೋರುತ್ತವೆ, ಮಿಕ್ಕವು ನೆನಪಿಗೆ ಬರುತ್ತಿಲ್ಲ. ಶಾಸ್ತ್ರವು ಇಲ್ಲಿಗೆ ನಿಲ್ಲಲಿ.

ಈ ವರ್ಗೀಕರಣದ ಚಪಲ ನನ್ನದಲ್ಲ, ಅಂಟಿದ್ದು. ಬೆಂಗಳೂರಿನಿಂದ ಬಂದಿದ್ದ ಶ್ರವಣಪಂಡಿತರೊಬ್ಬರು ನನ್ನ ಪೆಟ್ಟಿಗೆಯ ಎದುರು ಕಣ್ಣು ಮುಚ್ಚಿ ಕುಳಿತು, ‘ವೇದಿಕೆಯ ಆಳ ಸಾಲದು, ಗಾಳಿ ಸಾಲದು, ಕತ್ತಲೆ ಸಾಕಷ್ಟು ಕತ್ತಲೆಯಾಗಿಲ್ಲ’ ಎಂದು ಅಪ್ಪಣೆ ಕೊಡಿಸಿ, ಪರಿಹಾರವಾಗಿ ಸ್ಪೀಕರಿಗಿಂತ ಬೆಲೆಬಾಳುವ ತಂತಿಯೊಂದನ್ನು ಸೂಚಿಸಿದರು. ತಂತಿಯನ್ನು ನೂರು ಗಂಟೆ ಹಾಡಿಸಿ ಪಳಗಿಸಬೇಕಂತೆ! ನಾನು ತೆಪ್ಪಗೆ ತಲೆದೂಗಿದೆ. ಅವರು ಹೋದ ಮೇಲೆ, ಕಿವಿಯತ್ತ ನೇರವಾಗಿ ನೋಡುತ್ತಿದ್ದ ಪೆಟ್ಟಿಗೆಯನ್ನು ಒಂದು ಗೇಣಿನಷ್ಟು ಓರೆಗೆ ತಿರುಗಿಸಿದೆ. 3400 ಹರ್ಟ್ಸ್‌ನ ಅಲೆಯ ಉದ್ದ ಹತ್ತು ಸೆಂಟಿಮೀಟರು, ರಟ್ಟಿನ ಅಗಲ ಅದರ ಇಮ್ಮಡಿ. ಅಂಥ ಅಲೆ ದೀಪದ ಕೋಲಿನಂತೆ ನೆಟ್ಟಗೆ ಮುಂದಕ್ಕೇ ಹೋಗುವುದರಿಂದ, ಓರೆಯಲ್ಲಿ ಕುಳಿತವನಿಗೆ ಅದರ ಮೊನೆ ತಾಗದು. ಖರ್ಚು ಸೊನ್ನೆ. ಆಮೇಲೂ ಉಳಿದ ಕಿರುಕುಳಕ್ಕೆ 0.33 ಮಿಲಿಹೆನ್ರಿಯ ಕಾಯಿಲು, 6.8 ಮೈಕ್ರೋಫ್ಯಾರಡಿನ ಕಂಡೆನ್ಸರು, 8 ಓಮಿನ ರೆಸಿಸ್ಟರು, ಈ ಮೂರನ್ನೂ ಅಕ್ಕಪಕ್ಕ ಸೇರಿಸಿ ಬೆಸುಗೆ ಹಾಕಿ, ಆ ಕಟ್ಟನ್ನು ಸ್ಪೀಕರಿಗೆ ಹೋಗುವ ತಂತಿಯ ನಡುವೆ ಕೂರಿಸಿದೆ. 3400ರ ಸುತ್ತಿನ ಶೃಂಗ ಸುಮಾರು ಆರು ಡೆಸಿಬೆಲ್ ಇಳಿಯಿತು. ಭುಜಂಗಗಳು ಹುತ್ತ ಸೇರಿದವು.

ನಮ್ಮ ಹಿರಿಯರಿಗೆ ಈ ಬಾಧೆ ಇಷ್ಟಿರಲಿಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಹುಟ್ಟುಹಾಕಿದ ಆಕಾಶವಾಣಿಯ ವಾರಸು ನಿಲಯವು ಬಾವಲಿಯ ಕಾಡನ್ನು ದಾಟಿ ಮನೆಯ ವಾಲ್ವ್ ರೇಡಿಯೋಗೆ ಕನ್ನಡ ವಾರ್ತೆಯನ್ನು ತಲಪಿಸುತ್ತಿದ್ದಾಗ, ಮಧ್ಯಮತರಂಗದಲ್ಲಿ ಐದು ಸಾವಿರ ಹರ್ಟ್ಸ್‌ನ ಆಚೆಯದು ಬಹುಮಟ್ಟಿಗೆ ಬರುತ್ತಲೇ ಇರಲಿಲ್ಲ. ಮೇಲಿನ ಶೃಂಗವಿದ್ದರೂ ಅದನ್ನು ಕೆಣಕುವವರಿರಲಿಲ್ಲ. ಆ ದನಿಯ ಮಾರ್ದವವನ್ನು ನಾವು ಸಂಸ್ಕೃತಿಯೆಂದು ಭಾವಿಸಿದ್ದೆವು.

ಇನ್ನು ಇಲ್ಲಿಯವರು ‘ಕೋಳಾಂಬಿ’, ಎಂದರೆ ಪೀಕದಾನಿ, ಎಂದು ಕರೆಯುವ ತಗಡಿನ ಹಾರ್ನಿನ ವಿಚಾರ. ಅದು ಏಕಶಂಕುವಿನ ಕುಲಕ್ಕೆ ಸೇರಿದುದಲ್ಲವಾದ್ದರಿಂದ ಪ್ರಬಂಧದ ವ್ಯಾಪ್ತಿಯ ಹೊರಗಿನದೆಂದು ವಿದ್ವಾಂಸರು ಆಕ್ಷೇಪಿಸಬಹುದು. ಆಕ್ಷೇಪಿಸಲಿ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಊರಿನಲ್ಲೊಂದು ಸಭೆ. ‘ದನಿಯಿಲ್ಲದವರ ದನಿ’ ಎಂದು ಬ್ಯಾನರು. ಕೊಡಗಿನಲ್ಲಿ ಎರವರೆಂದೂ ಇಲ್ಲಿ ಅಡಿಯರೆಂದೂ ಹೇಳುವ, ತಮ್ಮನ್ನು ತಾವು ರಾವುಳರೆಂದು ಕರೆದುಕೊಳ್ಳುವ ಜನರ ಅಜ್ಜಿಯೊಬ್ಬಳನ್ನು ನಾಟಿಯ ಹಾಡು ಹೇಳಲು ಕರೆಸಿದ್ದರು. ಈ ಜನರನ್ನು ವಳ್ಳಿಯೂರುಕಾವಿನ ಜಾತ್ರೆಯಲ್ಲಿ ವರ್ಷಕ್ಕಿಷ್ಟು ಎಂದು ಜೀತಕ್ಕೆ ಗೊತ್ತುಮಾಡುತ್ತಿದ್ದ ಕಾಲವೊಂದಿತ್ತು. ಜೀತವನ್ನು ಕಾನೂನು ರದ್ದುಪಡಿಸಿದ್ದು 1976ರಲ್ಲಿ. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತು, ಬಯಲಿನ ಆಚೆಯ ಬದುವಿಗೆ ಮುಟ್ಟುವಂತೆ ಹಾಡಿದ ಕಂಠ ಅದು. ಮೈಕಿನ ಹಂಗು ಅದಕ್ಕೆ ಯಾವಾಗ ಇತ್ತು? ಆಕೆ ಬಾಯಿ ತೆರೆದಳೋ ಇಲ್ಲವೋ, ಕೋಳಾಂಬಿ ಕೀಂ ಎಂದಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡು ನಕ್ಕರು. ತನ್ನ ದನಿಯೇ ತಪ್ಪಿರಬೇಕೆಂದು ತಿಳಿದ ಅಜ್ಜಿ ಇನ್ನೂ ಮೆಲ್ಲಗೆ ಹಾಡತೊಡಗಿದಳು.

ಹನ್ನೆರಡು ಭೇದಗಳಂತೆ! ಮಣ್ಣು! ನಾನು ಎದ್ದು ಮೈಕಿನ ಹುಡುಗನ ಬಳಿಗೆ ಹೋಗಿ, ‘ಮೋನೇ, ಆ ಟ್ರೆಬಲ್ ಇಳಿಸು’ ಎಂದೆ.

‘ಆ ನಾಬು ಬರೀ ಸುತ್ತುತ್ತದೆ ಮಾಷೇ, ಒಳಗೆ ಹಿಡಿಯುವುದಿಲ್ಲ’ ಎಂದವನು ಒಂದು ಗಳಿಗೆ ಯೋಚಿಸಿ, ವಾಲ್ಯೂಮನ್ನು ತುಸು ತಗ್ಗಿಸಿ, ಹೆಗಲ ಮೇಲಿನ ತೋರ್ತನ್ನು ಉಂಡೆಮಾಡಿ, ಬೆಂಚು ಹತ್ತಿ ಕೋಳಾಂಬಿಯ ಬಾಯಿಗೆ ತುರುಕಿದನು. ಕಿರುಚು ನಿಂತಿತು. ಅಜ್ಜಿಯ ಹಾಡಿನ ಕೊನೆಯ ಎರಡು ಸಾಲು, ಕನ್ನಡಕ್ಕೆ ಎಷ್ಟು ಹತ್ತಿರದ ಮಾತುಗಳೆಂದು ಬೆರಗಾಗುವಷ್ಟು ಸ್ಪಷ್ಟವಾಗಿ ಕೇಳಿದವು. ಅಷ್ಟರಲ್ಲಿ ಆಕೆಗೆ ಕೊಟ್ಟಿದ್ದ ಐದು ನಿಮಿಷ ಮುಗಿಯಿತು.

ಅನಂತರ ಮಾತನಾಡಲು ನಿಂತ ಗಣ್ಯರು ಎರಡು ವಾಕ್ಯವಾಡಿ, ದನಿ ರಸ್ತೆಯವರೆಗೆ ಹೋಗುತ್ತಿಲ್ಲವೆಂದು ಕೈಸನ್ನೆ ಮಾಡಿದರು. ಹುಡುಗನು ಮತ್ತೆ ಬೆಂಚು ಹತ್ತಿ ತೋರ್ತನ್ನು ಎಳೆದು, ಕೊಡವಿ, ಹೆಗಲಿಗೆ ಹಾಕಿಕೊಂಡನು.