ಅತಿಥಿಪರೀಕ್ಷಕರು

ಹನುಮಂತನಗರದಿಂದ ರಾಜಾಜಿನಗರದವರೆಗೆ ಬೆಂಗಳೂರಿನ ಯಾವ ಹಳೆಯ ಬಡಾವಣೆಯ ಯಾವ ಅಡ್ಡರಸ್ತೆಯನ್ನು ಹೊಕ್ಕರೂ, 30×40 ಅಡಿಯ ನಿವೇಶನದಲ್ಲಿ ಭವಿಷ್ಯನಿಧಿಯ ಹಣವನ್ನೆಲ್ಲ ಸುರಿದು ಮನೆ ಕಟ್ಟಿಸಿ, ಕೆಳಗೆ ಎರಡು ಸಂಸಾರಗಳನ್ನು ಬಾಡಿಗೆಗಿರಿಸಿ, ತಾವು ಮಹಡಿಯ ಮೇಲೆ ವಾಸಿಸುತ್ತ, ಪ್ರಾತಃಕಾಲ ಐದಕ್ಕೆ ಗೇಟಿನ ಬೀಗ ತೆಗೆದು ರಾತ್ರಿ ಹತ್ತಕ್ಕೆ ಸರಿಯಾಗಿ ಅದನ್ನು ಹಾಕುವ ನಿವೃತ್ತ ಗೃಹಸ್ಥರೊಬ್ಬರನ್ನು ವಾಚಕರು ಕಾಣದಿರಲಾರರು. ಬಾಡಿಗೆಯ ವಸೂಲಿಯಲ್ಲಿ ಅವರು ಕ್ರೂರಿಗಳಲ್ಲ. ಐದನೆಯ ತಾರೀಖು ಹತ್ತನೆಯದಾದರೆ ಮಾತನಾಡದೆ ಸಹಿಸುವರು. ಗೋಡೆಗೆ ಮೊಳೆ ಹೊಡೆದರೆ ಒಂದು ನಿಟ್ಟುಸಿರಿನೊಂದಿಗೆ ಕ್ಷಮಿಸುವರು. ಅವರ ಧಾರ್ಮಿಕ, ನೈತಿಕ, ಆರ್ಥಿಕ ಚಿಂತನೆಯೆಲ್ಲವೂ ಬಂದು ನೆಲೆಗೊಂಡಿರುವುದು ಒಂದೇ ಒಂದು ಪ್ರಶ್ನೆಯಲ್ಲಿ: ಕೆಳಗಿನ ಮನೆಗೆ ಬಂದ ನೆಂಟರು ರಾತ್ರಿ ಉಳಿಯುವರೋ, ಹೊರಡುವರೋ?

ಹಗಲಿನ ನೆಂಟರ ವಿಷಯದಲ್ಲಿ ಅವರಷ್ಟು ಉದಾರಚಿತ್ತರು ದುರ್ಲಭ. ಮಧ್ಯಾಹ್ನ ಬಾಡಿಗೆದಾರರ ಮನೆಗೆ ಹತ್ತು ಮಂದಿ ಬಂದು ಹೋಳಿಗೆಯೂಟವನ್ನುಂಡು, ನಡುಮನೆಯಲ್ಲಿ ಗಂಟೆಗಟ್ಟಲೆ ಹರಟಿ, ಅವರ ಮಕ್ಕಳು ದಾಸವಾಳದ ಮೊಗ್ಗುಗಳನ್ನೆಲ್ಲ ಕಿತ್ತು ಹಾಕಿದರೂ ಅವರು ಮೆಟ್ಟಿಲ ಮೇಲೆ ನಿಂತು ಮಂದಹಾಸವನ್ನೇ ಬೀರುವರು. ಬಂದವರ ಊರು, ಉದ್ಯೋಗ, ಸಕ್ಕರೆ ಕಾಯಿಲೆಗಳನ್ನು ವಿಚಾರಿಸುವರು. ಮೆಜೆಸ್ಟಿಕ್ಕಿಗೆ ಹಿಂದಿರುಗಲು ಅನುಕೂಲವಾದ ಬಸ್ಸಿನ ನಂಬರನ್ನೂ ಕೊನೆಯ ಬಸ್ಸು ಹೊರಡುವ ಹೊತ್ತನ್ನೂ ಯಾರೂ ಕೇಳದಿರುವಾಗಲೇ ತಿಳಿಸುವರು. ಆದರೆ ಸೂರ್ಯನು ಅಸ್ತಂಗತನಾಗಿ ಬೀದಿಯ ದೀಪಗಳು ಹೊತ್ತಿಕೊಂಡ ತರುವಾಯ ಅದೇ ನೆಂಟರು ಅವರ ದೃಷ್ಟಿಯಲ್ಲಿ ರೂಪಾಂತರ ಹೊಂದಿ ಅತಿಕ್ರಮಣಕಾರರ ಶ್ರೇಣಿಗೆ ಸೇರಿಬಿಡುವರು. ಏಳಕ್ಕೆ ಅವರು ಗಿಡಗಳಿಗೆ ನೀರು ಹಾಕಲು ಇಳಿದು ಬರುವರು; ಎಂಟಕ್ಕೆ ಮೀಟರು ನೋಡಲು; ಒಂಬತ್ತಕ್ಕೆ, ತಾವು ಬೆಳಗ್ಗೆಯೇ ಓದಿ ಮುಗಿಸಿದ ವೃತ್ತಪತ್ರಿಕೆಯನ್ನು ಕೆಳಗಿನವರಿಗೆ ಬೇಕಾದೀತೆಂದು ಕೊಡಲು. ಒಂಬತ್ತೂವರೆಗೆ ಬೀಗದ ಕೈಗೊಂಚಲಿನ ಸದ್ದು ಕೇಳಿಸುವುದು. ಆ ಸದ್ದಿಗೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳದ ನೆಂಟನು ಉಳಿದುಕೊಳ್ಳುವ ನೆಂಟನೆಂದು ಸಿದ್ಧವಾಗುವುದು.

ಈ ಪರೀಕ್ಷೆಯ ಪೂರ್ವಭಾಗವು ಮನೆ ತೋರಿಸುವ ದಿವಸವೇ ಆರಂಭವಾಗಿರುತ್ತದೆ.

‘ಎಷ್ಟು ಜನ ಇರ್ತೀರಿ?’

‘ನಾವಿಬ್ಬರು, ಒಂದು ಮಗು ಸಾರ್.’

‘ಸಂತೋಷ. ಊರು?’

‘ತೀರ್ಥಹಳ್ಳಿ ಹತ್ತಿರ ಸಾರ್.’

ಇಲ್ಲಿ ಅವರ ಮುಖ ಕೊಂಚ ಮ್ಲಾನವಾಗುವುದು. ತುಮಕೂರು ಇರುವುದು 70 ಕಿಲೋಮೀಟರಿನಾಚೆ. ಬೆಳಗ್ಗೆ ಬಂದವರು ಸಂಜೆಗೆ ಊರು ಸೇರಬಹುದು. ತೀರ್ಥಹಳ್ಳಿಯಾದರೋ 300 ಕಿಲೋಮೀಟರಿಗೂ ಮೀರಿದ್ದು. ಅಷ್ಟು ದೂರದಿಂದ ಬಂದವರು ಕಾಫಿ ಕುಡಿದು ಹೊರಟುಹೋಗುವರೆಂದು ನಂಬುವಷ್ಟು ಮುಗ್ಧರು ಅವರಲ್ಲ.

‘ಅಣ್ಣತಮ್ಮಂದಿರು?’

‘ನಾಲ್ಕು ಜನ ಸಾರ್. ಎಲ್ಲಾ ಊರಲ್ಲೇ. ಕಡೆಯವನು ಮಾತ್ರ ಶಿವಮೊಗ್ಗದಲ್ಲಿ ಡಿಗ್ರಿ ಓದ್ತಿದಾನೆ.’

‘ಮುಗಿದ ಮೇಲೆ?’

ಆ ‘ಮುಗಿದ ಮೇಲೆ’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ಬಾಡಿಗೆದಾರನು ಇಂದಿನವರೆಗೆ ಹುಟ್ಟಿಲ್ಲ.

ಮುಂದಿನದು ಕರಾರುಪತ್ರ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಬಾಡಿಗೆಯ ಕರಾರನ್ನು ನೋಂದಾಯಿಸಬೇಕಾಗುವುದರಿಂದ, ದೇಶದ ಸಮಸ್ತ ಮಾಲೀಕರಂತೆ ಇವರ ಕಾಲಮಾನದಲ್ಲಿಯೂ ವರ್ಷಕ್ಕೆ ಹನ್ನೊಂದೇ ತಿಂಗಳು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಬೆಂಗಳೂರಿನ ಆಚಾರ. ಅದರ ಮೂಲ ಯಾವ ಸ್ಮೃತಿಯಲ್ಲಿದೆಯೆಂದು ಯಾರೂ ಕೇಳುವ ಪದ್ಧತಿಯಿಲ್ಲ. ಛಾಪಾ ಕಾಗದದ ಮೇಲೆ ಬೆರಳಚ್ಚಿನವನು ಅಭ್ಯಾಸಬಲದಿಂದ ಬಡಿದ ಷರತ್ತುಗಳನ್ನೆಲ್ಲ ಅವರು ಓದದೆಯೇ ಒಪ್ಪಿ, ಕಡೆಯ ಷರತ್ತನ್ನು ಮಾತ್ರ ಸ್ವಹಸ್ತದಿಂದ ಸೇರಿಸುವರು: ನೆಂಟರಿಷ್ಟರು ಎರಡು ರಾತ್ರಿಗೆ ಮೇಲ್ಪಟ್ಟು ತಂಗಕೂಡದು; ತಂಗುವುದಾದಲ್ಲಿ ಮುಂಚಿತವಾಗಿ ತಿಳಿಸತಕ್ಕದ್ದು. ಕೂಡದೆಂದ ಮೇಲೆ ತಿಳಿಸುವುದೇನು ಎಂದು ವಕೀಲರು ಆಕ್ಷೇಪಿಸಬಹುದು. ಬಾಡಿಗೆಗೆ ಮನೆ ಹುಡುಕಿ ಸೋತವನು ಆಕ್ಷೇಪಿಸುವುದಿಲ್ಲ. ಇನ್ನು ಎರಡೇ ರಾತ್ರಿ ಏಕೆಂಬುದಕ್ಕೆ ಅವರಲ್ಲಿ ಶಾಸ್ತ್ರಾಧಾರವೇ ಉಂಟು. ಒಂದು ರಾತ್ರಿ ತಂಗುವವನೇ ಅತಿಥಿಯೆಂದು ಮನುಸ್ಮೃತಿ ಹೇಳುತ್ತದೆ. ಎರಡನೆಯದನ್ನು ತಾವೇ ದಯಪಾಲಿಸಿರುವುದಾಗಿ ಅವರು ವಿವರಿಸುವರು.

ಸಹಿ ಬಿದ್ದ ತರುವಾಯವೇ ಅವರ ಪಾಂಡಿತ್ಯಕ್ಕೆ ತಕ್ಕ ಕ್ಷೇತ್ರ ದೊರೆಯುವುದು. ಯಾರನ್ನೂ ಕೇಳದೆ, ಇಣಿಕಿ ನೋಡುವ ಅಸಭ್ಯತೆಗೂ ಇಳಿಯದೆ, ಕೆಳಗಿನ ಮನೆಯಲ್ಲಿ ಕಳೆದ ರಾತ್ರಿ ಎಷ್ಟು ಮಂದಿ ಮಲಗಿದ್ದರೆಂಬುದನ್ನು, ನೈಯಾಯಿಕನು ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಸಾಧಿಸುವ ಹಾಗೆ, ಅವರು ಕೇವಲ ಅನುಮಾನಪ್ರಮಾಣದಿಂದ ಸಾಧಿಸಬಲ್ಲರು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು ಪ್ರಥಮ ಹೇತು. ಆದರೆ ಅನುಭವಸ್ಥರಾದ ಬಾಡಿಗೆದಾರರು ನೆಂಟರ ಚಪ್ಪಲಿಗಳನ್ನು ಒಳಗೆ ತೆಗೆದುಕೊಂಡು ಮಂಚದ ಕೆಳಗೆ ತಳ್ಳುವರಾದ್ದರಿಂದ ಇದನ್ನೊಂದನ್ನೇ ನಂಬಿ ಕುಳಿತುಕೊಳ್ಳುವುದಿಲ್ಲ. ನಿತ್ಯವೂ ಎರಡು ನಂದಿನಿ ಪ್ಯಾಕೆಟ್ಟು ಬೀಳುವ ಮನೆಗೆ ಮೂರು ಬಿದ್ದರೆ ಅವರು ಹಾಲಿನ ಹುಡುಗನ ಮುಖವನ್ನೂ ನೋಡದೆ ‘ಹೂಂ’ ಎನ್ನುವರು. ಸದಾ ಷರಾಯಿ ತೊಡುವ ಗೃಹಸ್ಥನ ಹಗ್ಗದ ಮೇಲೆ ಅಗಲವಾದ ಅಂಚಿನ ಪಂಚೆಯೊಂದು ಒಣಗುತ್ತಿದ್ದರೆ ಅದರ ಉದ್ದದಿಂದ ನೆಂಟರ ವಯಸ್ಸನ್ನೂ, ಅದನ್ನು ಹರವಿದ ಅಚ್ಚುಕಟ್ಟಿನಿಂದ ಅವರು ಉಳಿಯಬಹುದಾದ ದಿವಸಗಳನ್ನೂ ಅಂದಾಜು ಮಾಡುವರು. ಕೆಳಗಿನ ಎರಡು ಸಂಸಾರಗಳ ಬೆಳಗಿನ ಜಾವದ ಕೆಮ್ಮುಗಳೆಲ್ಲವೂ ಅವರಿಗೆ ಕಂಠಸ್ಥ. ಅವುಗಳ ನಡುವೆ ಅಪರಿಚಿತವಾದ ಕೆಮ್ಮೊಂದು ಕೇಳಿಬಂದರೆ ಸಾಕು, ಹಾಸಿಗೆಯ ಮೇಲೆ ಎದ್ದು ಕುಳಿತುಕೊಳ್ಳುವರು. ಇಷ್ಟರ ಮೇಲೂ ಸಂದೇಹವುಳಿದರೆ ಅವರ ಪತ್ನಿ ಒಂದು ಲೋಟ ಹಿಡಿದುಕೊಂಡು ಮೊಸರಿನ ಹೆಪ್ಪಿಗೆಂದು ಕೆಳಗಿಳಿಯುವರು. ಆ ತಾಯಿಯ ಮನೆಯಲ್ಲಿ ಹೆಪ್ಪಿಗೆ ಅಭಾವವಾಗುವುದು ಕೆಳಗೆ ನೆಂಟರು ಬಂದಾಗ ಮಾತ್ರ.

ಇವರನ್ನು ವಂಚಿಸಲು ಯತ್ನಿಸಿದವರೂ ಉಂಟು. ತರುಣನೊಬ್ಬನು, ವಾರದಿಂದ ಮನೆಯಲ್ಲಿ ಅಡಗಿಸಿಟ್ಟುಕೊಂಡಿದ್ದ ಭಾವಮೈದುನನನ್ನು ಗೇಟು ತೆರೆದೊಡನೆ ಕತ್ತಲಲ್ಲಿಯೇ ಹೊರಗೆ ಕಳುಹಿಸಿ, ಆರೂವರೆಗೆ ಕೈಚೀಲದೊಡನೆ ಒಳಗೆ ಬರಮಾಡಿಕೊಂಡು, ‘ಈಗ ತಾನೇ ಊರಿಂದ ಬಂದ ಸಾರ್’ ಎಂದು ಪರಿಚಯಿಸಿದನು. ಅವರು ಕನ್ನಡಕವನ್ನು ಹಣೆಗೇರಿಸಿ ಆ ಹುಡುಗನನ್ನು ದೀರ್ಘವಾಗಿ ಅವಲೋಕಿಸಿ, ‘ರಾತ್ರಿ ಬಸ್ಸಲ್ಲಿ ಬಂದವರ ಮೋರೆ ಹೀಗಿರೋದಿಲ್ಲಪ್ಪ. ಇದು ಚೆನ್ನಾಗಿ ಕಾಲು ಚಾಚಿ ಮಲಗಿದ ಮೋರೆ’ ಎಂದರು.

ಎಲ್ಲ ನೆಂಟರೂ ಸಮಾನರಲ್ಲ. ತಂದೆತಾಯಿಗಳು ಬಂದರೆ ಅವರು ಲೆಕ್ಕವಿಡುವುದಿಲ್ಲವೆಂದೇ ಹೇಳುವರು. ಆದರೆ ಎಂಟನೆಯ ದಿನ ಮಂಡಿನೋವಿನ ಮುದುಕರಿಗೆ ಬೆಂಗಳೂರಿನ ಹವೆ ಒಗ್ಗದೆಂದು ಕಳವಳಪಡತೊಡಗುವರು. ಬಾಣಂತನಕ್ಕೆ ಬಂದ ಅತ್ತೆಯನ್ನು ಪ್ರಶ್ನಿಸಲು ಧರ್ಮವು ಅಡ್ಡ ಬರುವುದು. ಅವಿವಾಹಿತ ತರುಣರ ಬಗ್ಗೆ ಹೇಳತಕ್ಕದ್ದೇನು? ಅವರಿಗೆ ಮನೆ ಕೊಡುವುದೇ ಅಪರೂಪ, ಕೊಟ್ಟರೂ ಅವರ ‘ಕಸಿನ್’ಗಳನ್ನು ಇವರು ಒಪ್ಪಿದ ನಿದರ್ಶನವಿಲ್ಲ. ಎಲ್ಲರಿಗಿಂತಲೂ ಅಪಾಯಕಾರಿಯಾದವನು ಇಂಟರ್‌ವ್ಯೂಗೆಂದು ಬರುವ ತಮ್ಮ. ಇಂಟರ್‌ವ್ಯೂ ಸೋಮವಾರ; ಫಲಿತಾಂಶ ಬರುವವರೆಗೆ ಇರುವನು; ಬಾರದಿದ್ದರೆ ಮತ್ತೊಂದಕ್ಕೆ ಅರ್ಜಿ ಹಾಕುವನು; ಕೆಲಸ ಸಿಕ್ಕಿತೋ, ಸಂಬಳದಿಂದ ಬೇರೆ ಮನೆ ಮಾಡುವವರೆಗೆ ಇರುವನು; ಬೇರೆ ಮನೆ ಮಾಡಲು ಹತ್ತು ತಿಂಗಳ ಮುಂಗಡ ಬೇಕು. ತಮ್ಮಂದಿರು ಊರಿಗೆ ಮರಳದಂತೆ ಮಾಡುವುದರಲ್ಲಿ ಮಾಲೀಕರ ಆಚಾರವೂ ಸ್ವಲ್ಪ ಕಾರಣವೆಂಬುದನ್ನು ಇವರಿಗೆ ತಿಳಿಸಿಕೊಡುವ ಧೈರ್ಯ ಯಾರಿಗೂ ಇಲ್ಲ.

ಕಾರಣ ಕೇಳಿದರೆ ಅವರು ಮೊದಲು ನೀರಿನತ್ತ ಕೈ ತೋರಿಸುವರು. 1974ರಲ್ಲಿ ಕಾವೇರಿಯು ಬೆಂಗಳೂರಿಗೆ ಬಂದಳಷ್ಟೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ಕೊಳವೆಯಲ್ಲಿ ಹರಿದು, ಸುಮಾರು 500 ಮೀಟರು ಎತ್ತರಕ್ಕೆ ಪಂಪುಗಳಿಂದ ನೂಕಿಸಿಕೊಂಡು, ದಿನ ಬಿಟ್ಟು ದಿನ ಅವರ ಸಂಪಿಗೆ ಇಳಿದು, ಅಲ್ಲಿಂದ ಅವರ ಮೋಟಾರಿನಿಂದ ಅವರ ತೊಟ್ಟಿಯನ್ನೇರಿದ ಆ ಪುಣ್ಯೋದಕವನ್ನು, ಎಲ್ಲಿಯದೋ ಊರಿನ ಷಡ್ಡಕನೊಬ್ಬನು ನಲ್ಲಿ ಬಿಟ್ಟುಕೊಂಡು ಹಾಡುತ್ತ ಮೀಯುವುದನ್ನು ಕೇಳಿಸಿಕೊಂಡಿರುವುದು ಸುಲಭವಲ್ಲ. ಅದರ ಮೇಲೆ ಜಲಮಂಡಲಿಯ ದರವು ಬಳಕೆಯೊಂದಿಗೆ ಮೆಟ್ಟಿಲು ಮೆಟ್ಟಿಲಾಗಿ ಏರತಕ್ಕದ್ದು: ತಿಂಗಳಿಗೆ 8,000 ಲೀಟರಿನವರೆಗೆ ಒಂದು, 25,000ದವರೆಗೆ ಮತ್ತೊಂದು. ಮನೆಯವರೆಲ್ಲ ಸಂಯಮದಿಂದ ಮಿಂದು ಕೆಳಗಿನ ಮೆಟ್ಟಿಲಿನಲ್ಲಿಯೇ ಉಳಿಸಿಕೊಂಡು ಬಂದ ಲೆಕ್ಕವನ್ನು ಒಬ್ಬ ಷಡ್ಡಕನು ಎರಡೇ ಅಭ್ಯಂಜನಗಳಲ್ಲಿ ಮೇಲಿನ ಮೆಟ್ಟಿಲಿಗೆ ಹತ್ತಿಸಿ ಊರಿಗೆ ಹೊರಟುಹೋಗುವನೆಂದು ಅವರು ನೊಂದು ನುಡಿಯುವರು.

ನೀರಿನ ತರುವಾಯ ಕಾಯಿದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲವನ್ನು ಕಂಡವರ ಭಯವನ್ನು ನೋಡಿ ನಗುವುದಕ್ಕೆ ಮುಂಚೆ ಕೊಂಚ ಯೋಚಿಸಬೇಕು. ಆ ಕಾಲದಲ್ಲಿ ಒಳಗೆ ಕುಳಿತ ಬಾಡಿಗೆದಾರನನ್ನು ಏಳಿಸಬೇಕಾದರೆ ಕಾಯಿದೆಯು ಹೇಳಿದ ಕಾರಣಗಳಲ್ಲೊಂದನ್ನು ನ್ಯಾಯಾಲಯದಲ್ಲಿ ಸಾಧಿಸಬೇಕಾಗಿತ್ತು. ಮನೆಯನ್ನು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಟ್ಟಿರುವುದು ಅಂಥದೊಂದು ಕಾರಣ. ಆದುದರಿಂದ ಮಾಲೀಕನ ಪಕ್ಷದವರು ಒಳಬಾಡಿಗೆದಾರನೆಂದು ತೋರಿಸಿದ ಮನುಷ್ಯನನ್ನೇ ಬಾಡಿಗೆದಾರನ ಪಕ್ಷದವರು ಸೋದರಳಿಯನೆಂದು ತೋರಿಸುವರು. ವಾಯಿದೆಯ ಮೇಲೆ ವಾಯಿದೆ ಬಿದ್ದು ಆ ಅಳಿಯನಿಗೇ ಮಕ್ಕಳಾಗುವವು. 1999ರ ಕಾಯಿದೆಯು ಹಳೆಯದನ್ನು ತೆಗೆದುಹಾಕಿತಾದರೂ ಅದು ಹುಟ್ಟಿಸಿದ ಭೀತಿಯನ್ನು ರದ್ದುಪಡಿಸುವ ಅಧಿಕಾರ ಶಾಸನಸಭೆಗಿಲ್ಲ.

ಆದರೆ ಕಾವೇರಿಯಾಗಲಿ ಕಾಯಿದೆಯಾಗಲಿ ಪೂರ್ಣವಾದ ಕಾರಣವಲ್ಲವೆಂದು ನನ್ನ ಎಣಿಕೆ. ನಾನು ಬಲ್ಲ ಇಂಥ ಮಾಲೀಕರೊಬ್ಬರು ಕಾಲೇಜು ಓದಲೆಂದು ಹಳ್ಳಿಯಿಂದ ಬಂದವರು. ಚಾಮರಾಜಪೇಟೆಯ ವಠಾರವೊಂದರಲ್ಲಿ ಬಾಡಿಗೆಗಿದ್ದ ದೂರದ ಸಂಬಂಧಿಕರ ಜಗಲಿಯಲ್ಲಿ ಚಾಪೆ ಹಾಸಿಕೊಂಡು, ವಾರಾನ್ನದ ಏಳು ಮನೆಗಳಲ್ಲಿ ಉಂಡು ಪದವೀಧರರಾದವರು. ಆ ಕಥೆಯನ್ನು ಹೇಳುವಾಗ ಅವರ ಕಣ್ಣು ತುಂಬಿ ಬರುವುದು; ಅದರಲ್ಲಿ ಕಿಂಚಿತ್ತೂ ಕೃತ್ರಿಮವಿಲ್ಲ. ಇಂಥವರು ಹೀಗೇಕೆ ಷರತ್ತು ಬರೆಯುವರೆಂದು ಕೇಳುಗರು ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಅವರೇ ಉತ್ತರ ಕೊಡುವರು: ‘ಹದಿನೈದು ದಿವಸ ಅಂತ ಹೇಳಿ ಬಂದೋನು ನಾನು. ನಾಲ್ಕು ವರ್ಷ ಇದ್ದೆ. ನೆಂಟ ಅಂದರೆ ಏನು ಅಂತ ನನಗೆ ಗೊತ್ತಿಲ್ವೇ?’

‘ವಠಾರದ ಯಜಮಾನರು ಏನೂ ಅನ್ನಲಿಲ್ಲವೇ ಸಾರ್?’

‘ಒಂದು ದಿವಸ ಒಂದು ಮಾತು ಅನ್ನಲಿಲ್ಲ, ಪುಣ್ಯಾತ್ಮ. ಅವರ ವಠಾರ ಇಪ್ಪತ್ತು ವರ್ಷ ಕೋರ್ಟಿನಲ್ಲಿತ್ತು.’

ಇನ್ನೂ ಒಂದು ಸೂಕ್ಷ್ಮವುಂಟು. ಬಂದವರನ್ನು ‘ಈ ರಾತ್ರಿ ಇದ್ದು ಹೋಗಿ’ ಎಂದು ತಡೆಯುವುದು ನಮ್ಮಲ್ಲಿ ಗೃಹಸ್ವಾಮಿಯ ಮಾತು. ಜೀವಮಾನವೆಲ್ಲ ಬಾಡಿಗೆಮನೆಗಳಲ್ಲಿ ಆ ಮಾತನ್ನು ಅರ್ಧಧ್ವನಿಯಲ್ಲಿ ಆಡಿ, ಅರವತ್ತರ ಸುಮಾರಿನಲ್ಲಿ ಅದನ್ನು ಪೂರ್ಣಕಂಠದಿಂದ ಆಡುವ ಹಕ್ಕನ್ನು ಸಾಲ ಮಾಡಿ ಸಂಪಾದಿಸಿದವರಿಗೆ, ತಮ್ಮ ನೆಲದ ಮೇಲೆ, ತಮ್ಮ ಸೂರಿನ ಕೆಳಗೆ, ಮೂವತ್ತು ವರ್ಷದ ಹುಡುಗನೊಬ್ಬನು ಅದನ್ನು ನಿರಾಯಾಸವಾಗಿ ಆಡುವುದು ಕಿವಿಗೆ ಬಿದ್ದರೆ ಹೇಗಿರಬೇಡ! ಅವರಿಗೆ ಅತಿಥಿಗಳ ಮೇಲೆ ದ್ವೇಷವಿಲ್ಲ. ಆತಿಥೇಯನು ಬೇರೊಬ್ಬನಾಗುವುದು ಸಹನವಾಗದು.

ಇದೇ ಮಾಲೀಕರ ಮನೆಯಲ್ಲಿ ಒಂದು ಆಷಾಢದ ರಾತ್ರಿ ಬಾಡಿಗೆದಾರನ ಬಂಧುಗಳು, ದೊಡ್ಡಪ್ಪ, ದೊಡ್ಡಮ್ಮ, ಅವರ ಮಕ್ಕಳು, ಕೂಸನ್ನೆತ್ತಿಕೊಂಡ ತಂಗಿ ಎಲ್ಲ ಸೇರಿ ಏಳು ಮಂದಿ, ಬಸ್ಸು ಕೆಟ್ಟು ತಡವಾಗಿ, ಮಳೆಯಲ್ಲಿ ತೊಯ್ದು, ಗೇಟಿಗೆ ಬೀಗ ಬೀಳುವ ಹೊತ್ತಿಗೆ ಬಂದಿಳಿದರು. ಮುಂಚಿತವಾಗಿ ತಿಳಿಸಿರಲಿಲ್ಲ. ಬಾಡಿಗೆದಾರನು ಕೈ ಹೊಸಕುತ್ತ ನಿಂತನು. ಮಾಲೀಕರು ಒಬ್ಬೊಬ್ಬರನ್ನಾಗಿ ಎಣಿಸಿ, ದೊಡ್ಡಪ್ಪನವರ ಒದ್ದೆ ಪಂಚೆಯನ್ನು ನೋಡಿ, ‘ಇಷ್ಟು ಜನ ಕೆಳಗೆ ಮಲಗೋ ಹಾಗಿಲ್ಲ. ಕರಾರಿನಲ್ಲಿ ಇಲ್ಲ’ ಎಂದರು. ಅನಂತರ ಬೀಗ ಹಾಕಿ, ‘ಮೇಲೆ ಬನ್ನಿ’ ಎಂದರು.

ಐದು ರಾತ್ರಿ ಅವರು ಮಹಡಿಯ ಮೇಲೆ ಮಲಗಿದರು. ಹಂಡೆಯ ತುಂಬ ಬಿಸಿನೀರು, ಅಟ್ಟದಿಂದಿಳಿಸಿದ ಜಮಖಾನೆಗಳು, ಬೆಳಗ್ಗೆ ಫಿಲ್ಟರು ಕಾಫಿ. ರಾತ್ರಿ ಹನ್ನೆರಡರವರೆಗೆ ವಾರಾನ್ನದ ಕಥೆ. ಹೊರಡುತ್ತೇವೆಂದು ಮೂರನೆಯ ದಿನವೇ ಎದ್ದ ದೊಡ್ಡಪ್ಪನವರನ್ನು ಮಾಲೀಕರು, ‘ಅಮಾವಾಸ್ಯೆ ಕಳೀಲಿ, ಇದ್ದು ಹೋಗಿ’ ಎಂದು ಬಲವಂತದಿಂದ ಕೂರಿಸಿದರು. ತನ್ನ ನೆಂಟರನ್ನು ನೋಡಬೇಕಾದಾಗಲೆಲ್ಲ ಬಾಡಿಗೆದಾರನು ಮಹಡಿಯ ಬಾಗಿಲು ತಟ್ಟಿ, ಅಪ್ಪಣೆ ಪಡೆದು ಒಳಗೆ ಹೋಗಿ ಬರುತ್ತಿದ್ದನು. ರಾತ್ರಿ ಅಳುವ ಕೂಸೂ ಅದರ ತಾಯಿಯೂ ಮಾತ್ರ ಕೆಳಗೆ ಮಲಗಿದ್ದರು.

ಆ ತಿಂಗಳ ನೀರಿನ ಲೆಕ್ಕವು ಮೇಲಿನ ಮೆಟ್ಟಿಲನ್ನೇರಿತ್ತು. ಮೇಲೆ ಮಿಂದವರ ಪಾಲನ್ನೆಲ್ಲ ಮಾಲೀಕರು ತಮ್ಮ ಖಾತೆಗೇ ಬರೆದುಕೊಂಡು, ಕೆಳಗೆ ತಂಗಿದ್ದ ಎರಡು ಜೀವಗಳದ್ದನ್ನು ಮಾತ್ರ ಬಾಡಿಗೆದಾರನಿಗೆ ಹಚ್ಚಿದ್ದರು. ಅವನು ಚೀಟಿಯನ್ನು ನೋಡಿ ಸಂಕೋಚದಿಂದ, ‘ಸಾರ್, ಕೂಸಿಗೆ ಅರ್ಧ ಅಲ್ವೇ?’ ಎಂದನು.

‘ಪೂರ್ತಿ’ ಎಂದರು ಅವರು. ‘ಅದರ ಬಟ್ಟೆ ಒಗೆಯೋಕೆ ಎಷ್ಟು ನೀರು ಬೇಕು ಅಂತ ನನಗೆ ಹೇಳಿಕೊಡಬೇಡಪ್ಪ. ನಾಲ್ಕು ಮಕ್ಕಳನ್ನು ಸಾಕಿದೋನು ನಾನು.’