ಅಲ್ಲಾಡುವ ಕೋವಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಎತ್ತು ನೋಡಬೇಕು. ನಾನು ಬಲೂನ್ ಹೊಡೆಯುವ ಅಂಗಡಿಯಲ್ಲಿ ಸಿಕ್ಕಿಬಿದ್ದೆ. ಏರ್‌ಗನ್ನಿನ ನಳಿಗೆಯ ತುದಿಯಲ್ಲಿ ಗುರಿ ನೋಡುವ ತುಂಡಿರುತ್ತದಲ್ಲ, ಅದು ಮುದುಕರ ಹಲ್ಲಿನಂತೆ ಅಲ್ಲಾಡುತ್ತಿತ್ತು.

“ಅಣ್ಣ, ಇದು ಅಲ್ಲಾಡ್ತಿದೆ.”

“ಅದು ಹಂಗೇ ಸಾ. ನೀವು ಅಲ್ಲಾಡ್ಬೇಡಿ.”

ಸುಮ್ಮನಿರಲಾದೀತೇ? ಲೆಕ್ಕ ಶುರು ಮಾಡಿದೆ. ಹಿಂದಿನ ಗುರಿಕಿಂಡಿಗೂ ತುದಿಯ ತುಂಡಿಗೂ ನಡುವೆ ಸುಮಾರು 40 ಸೆಂ.ಮೀ.; ಬಲೂನು 4 ಮೀಟರ್ ದೂರ. ತುಂಡು 1 ಮಿ.ಮೀ. ಸರಿದರೂ ಗುರಿ 1 ಸೆಂ.ಮೀ. ತಪ್ಪುತ್ತದೆ! ಇದನ್ನು ಅಂಗಡಿಯವನಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಚಡ್ಡಿ ಹಾಕಿದ ಹುಡುಗನೊಬ್ಬ ಅದೇ ಕೋವಿಯಲ್ಲಿ ಒಂದು ಸಾಲು ಬಲೂನು ಢಮಾರ್ ಎನಿಸಿದ್ದ. ಗಣಿತ ಓದದವರ ಅದೃಷ್ಟವೇ ಬೇರೆ.

ಕೊನೆಗೆ ನನ್ನವಳು ಜಡೆಯ ರಬ್ಬರ್‌ಬ್ಯಾಂಡ್ ಬಿಚ್ಚಿ ಬಿಗಿದಳು. ತುಂಡು ನಿಂತಿತು, ನನ್ನ ಕೈ ನಡುಗತೊಡಗಿತು. ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಸಿಕ್ಕಿಸಿ ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ನಮ್ಮ ದೊಡ್ಡಬಳ್ಳಾಪುರ ಸೀಮೆಯ ಈ ಜಾತ್ರೆಯಲ್ಲಿ ಬಲೂನೇ ನನ್ನನ್ನು ನೋಡಿ ನಕ್ಕಿತು.

ಪುಷ್ಯ ಮಾಸದಲ್ಲಿ ಘಾಟಿಗೆ ಹೋಗುವಿರಾದರೆ ಒಂದು ಮಾತು: ದುಡ್ಡು ಕೊಡುವ ಮೊದಲು ಕೋವಿಯನ್ನು ನೋಡಿ, ಪಕ್ಕದಲ್ಲಿ ಹುಡುಗರಿದ್ದರೆ ನೇರವಾಗಿ ಬೆಂಡು ಬತ್ತಾಸಿನ ಅಂಗಡಿಗೆ ಹೋಗಿ.